ಕುನಿಯೊಸಾನ್ ಅವರ ಎಂಜಲಿನ ಮೇಲೆ ನನಗೆ ಬಂದ ಅನುಮಾನ

ಪ್ರೀತಿಯ ಕುನಿಯೊಸಾನ್,

ನನ್ನ ಹೆಸರು ಕಂಡೊಡನೆ ಈ ಕಾಗದ ಹರಿದು ಹಾಕಬೇಕೆನಿಸಿದರೆ ಹಾಕಿ, ಆದರೆ ಒಮ್ಮೆ ಓದಿದ ಮೇಲೆ.

ಬಸ್ ಡಿಪೋದ ನರ್ಸ್ ಆಗಿ ನನ್ನ ಕೆಲಸವೇ ಅನುಮಾನ ಪಡುವುದು. ಬೆಳಗಿನ ಹಾಜರಿಗೆ ಮೊದಲು ಡ್ರೈವರುಗಳ ನಾಲಿಗೆಯ ಕೆಳಗೆ ಕಾಗದದ ಪಟ್ಟಿ ಇಟ್ಟು, ಎಂಜಲಿನಲ್ಲಿ ಅಮೈಲೇಸ್ ಎಂಬ ಪ್ರೋಟೀನ್ ಎಷ್ಟಿದೆಯೆಂದು ಅಳೆಯುತ್ತಿದ್ದೆ. ಮನಸ್ಸು ಕುದಿಯುತ್ತಿದ್ದರೆ ಅಂಕಿ ಏರುತ್ತದೆ, ನಿರಾಳವಾಗಿದ್ದರೆ ಇಳಿಯುತ್ತದೆ. ನಿಮ್ಮದು ವರ್ಷಗಟ್ಟಲೆ ಎಪ್ಪತ್ತರ ಮೇಲೆಯೇ. ಬೆಳಿಗ್ಗೆ ಅನ್ನದ ಜೊತೆ ನೀವು ಚೀಪುವ ಹುಳಿ ಉಮೆ ಹಣ್ಣಿನ ಉಪ್ಪಿನಕಾಯಿಯೇ ಕಾರಣವೆಂದು ಬರೆದು ಮುಗಿಸುತ್ತಿದ್ದೆ. ಗದರಿದರೆ ನೀವು ನಗುತ್ತಿದ್ದಿರಿ: "ಆಯ್ತಮ್ಮಾ ದೊಡ್ಡ ಡಾಕ್ಟ್ರೇ, ನಾಳೆಯಿಂದ ಬರೀ ಗಂಜಿ!"

ಸೆಪ್ಟೆಂಬರಿನಲ್ಲಿ ನಿಮ್ಮ ಯಜಮಾನರು ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಪೂಜೆಗೂ ಮೊದಲೇ ನೀವು ಕೆಲಸಕ್ಕೆ ಬಂದಿರಿ. ಅಂಕಿ ಹದಿನೆಂಟು! ಪಟ್ಟಿ ಅಳೆಯುವ ಯಂತ್ರ ಬದಲಿಸಿದೆ, ಹದಿನೇಳು. ಗಂಡ ಸತ್ತವಳು ಬಿಸಿನೀರ ಬುಗ್ಗೆಯಲ್ಲಿ ಮಿಂದು ಬಂದ ಹಾಗಿರಲು ಹೇಗೆ ಸಾಧ್ಯ? ಡ್ರೈವರುಗಳಿಗೆ ನಿಷಿದ್ಧವಾದ ಮಾತ್ರೆ ನುಂಗುತ್ತಿದ್ದೀರಿ ಎಂದುಕೊಂಡೆ. ನೀವು ಕೈ ತೊಳೆಯಲು ಹೋದಾಗ ನಿಮ್ಮ ಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಹೊಸ ಲಿಪ್‌ಸ್ಟಿಕ್. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅನುಮಾನ ಇನ್ನೂ ಬಲಿಯಿತು. ಮೇಲ್ವಿಚಾರಕ ನಾಗಾತಾ ಅವರಿಗೆ ದೂರು ಕೊಟ್ಟೆ.

ಅವರು ಎಲ್ಲರೆದುರು ಕೇಳಿದರು: "ಮಾತ್ರೆ ತಗೊಂಡಿದ್ರೆ ಈಗ್ಲೇ ಹೇಳ್ಬಿಡಿ. ಇಲ್ಲಾಂದ್ರೆ ನಾಳೆಯಿಂದ ಬಸ್ ಮುಟ್ಟೋ ಹಾಗಿಲ್ಲ."

ನೀವು ನನ್ನ ಕಡೆ ತಿರುಗಿದಿರಿ. "ಮಾತ್ರೆ ಇಲ್ಲ, ಮಣ್ಣೂ ಇಲ್ಲ, ಸಾವಾಕೊಸಾನ್. ಅವನಿಲ್ಲ, ಅಷ್ಟೇ. ಮನೆ ಬಾಗಿಲು ತೆಗೆಯೋವಾಗ ಈಗ ಕೈ ನಡುಗಲ್ಲ. ಇಪ್ಪತ್ತೆರಡು ವರ್ಷ ಹೊಡೆಸ್ಕೊಂಡೆ. ಬರ್ಕೊಳ್ಳಿ."

ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನಿಮ್ಮ ಬಸ್ಸು ನಿಮಗೇ ಉಳಿಯಿತು. ಆದರೆ ಅಷ್ಟು ವರ್ಷ ನೀವು ಮುಚ್ಚಿಟ್ಟಿದ್ದ ಮಾತು ಮಧ್ಯಾಹ್ನದೊಳಗೆ ಡಿಪೋದಲ್ಲೆಲ್ಲ ಹರಡಿತು. ವಾರದೊಳಗೆ ನೀವು ಕೆಲಸ ಬಿಟ್ಟು ಅಕಿತಾದ ತಂಗಿಯ ಮನೆಗೆ ಹೋದಿರಿ.

ನನಗೆ ನಾಚಿಕೆಯಾಗುತ್ತಿದೆ, ಕುನಿಯೊಸಾನ್. ಎಪ್ಪತ್ತೆರಡು, ಎಂಬತ್ತು ಎಂದು ನನ್ನ ಕೈಯಾರೆ ಬರೆದ ಪುಟಗಳನ್ನು ದಿನವೂ ತಿರುವುತ್ತೇನೆ. ನೀವು ನರಳುತ್ತಿದ್ದ ಅಷ್ಟೂ ವರ್ಷ ನನಗೆ ಅನುಮಾನ ಬರಲಿಲ್ಲ. ನೀವು ನೆಮ್ಮದಿಯಾಗಿದ್ದಾಗ ಬಂತು.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಅಲ್ಲಿ ಯಾರೂ ನಿಮ್ಮ ನೆಮ್ಮದಿಗೆ ಕಾರಣ ಕೇಳದಿರಲಿ.

ನಿಮ್ಮ,
ಸಾವಾಕೊ