ಮಡಿಸಿದ ಅಂಗಿಗೆ ನಾನು ಸೇರಿಸಿದ ಸಾಲು

...ಅದೂ ಸಾಲ್ದು ಅಂತ ಒಣಗುಮನೆ ಹೀಟರ್ರೂ ಕೈಕೊಟ್ಟಿದೆ. ಬೂಟು ಒದ್ದೆ, ಕಾಲುಚೀಲ ಒದ್ದೆ, ಬೆಳಗ್ಗೆ ಹಾಕಿದ ಮುದ್ದೆ ಕಲ್ಲಾಗಿತ್ತು. ಇದರ ಮೇಲೆ ಬರಹಮನೆ ಮೇಡಮ್ ಬಂದು, ಸಂಜೆ ಆರಕ್ಕೆ ಇನ್ನೊಂದು ಪದ್ಯ ಬೇಕು, ರೆಡಿ ಮಾಡ್ಸು ಅಂತ ಹೇಳಿ ಹೋದ್ರು. ಇನ್ನೊಂದು ಪದ್ಯ. ಅದೇನು ಇಡ್ಲಿನಾ ಅಜ್ಜಿ, ಇನ್ನೊಂದು ಹಾಕೋಕೆ?

ತಾಳು. ಮೊದ್ಲು ತಾರೀಖು ಹೇಳ್ಬೇಕಂತೆ. ಇಸವಿ ಎರಡು ಸಾವಿರದ ನೂರ ಅರವತ್ತೊಂದು, ಮಾಘ ಮಾಸ, ಮಂಗಳವಾರ, ಮಧ್ಯಾಹ್ನ ಒಂದೂವರೆ. ರಾತ್ರಿ ಪಾಳಿಯವರು, ನಮಗಿದು ನಡುರಾತ್ರಿ. ಎಲ್ಲಾರೂ ಮಲಗಿದ್ದಾರೆ, ಅದಕ್ಕೇ ಮೆತ್ತಗೆ ಮಾತಾಡ್ತಿದ್ದೀನಿ. ನಾನು ಚಲಪತಿ. ನಿನ್ನ ಮಗಳ ಮೊಮ್ಮಗಳ ಮೊಮ್ಮಗ. ನನ್ನ ಮಾತು ನಿನಗೆ ಒಂಥರಾ ಕೇಳಿಸಬಹುದು, ಬೇಜಾರ್ ಮಾಡ್ಕೋಬೇಡ. ಇಲ್ಲಿ ನೂರು ಊರಿನವರ ಜೊತೆ ಇದ್ದೂ ಇದ್ದೂ ಎಲ್ಲಾರ ಮಾತೂ ಕಲಬೆರಕೆ ಆಗಿದೆ. ಇದು ಫೋನಲ್ಲಿ ರೆಕಾರ್ಡ್ ಆಗ್ತಿದೆ, ಒಂದೊಂದು ತುಂಡು ನಾಲ್ಕು ನಿಮಿಷಕ್ಕೆ ಕಟ್ ಆಗುತ್ತೆ. ಮತ್ತೆ ಶುರು ಮಾಡ್ತೀನಿ.

ಇದಕ್ಕೆ ಹಿಂಮಾತು ಅಂತಾರೆ. ಉತ್ತರ ಕೊಡೋಕಾಗದೇ ಇರೋರಿಗೆ ಮಾತಾಡೋದು. ನೊಂದೋರನ್ನ ಕೂರಿಸೋ ಬರಹಮನೇಲಿ ಮಾಡಿಸೋ ಕಸರತ್ತುಗಳಲ್ಲಿ ಇದೊಂದನ್ನ ಮಾತ್ರ ತೂಗಿ ಅಂಕ ಹಾಕಲ್ಲ. ಕೊನೇಲಿ ಒಂದು ಹೊತ್ತು ಹೇಳ್ಬೇಕು, ವಾಪಸ್ ಫೋನ್ ಮಾಡು ಅಂತ. ಆ ಹೊತ್ತಿಗೆ ಲೈನ್ ತೆರೀತಾರೆ, ನಾವು ಕಿವಿಗೆ ಇಟ್ಕೊಂಡು ಒಂದು ನಿಮಿಷ ಸುಮ್ಮನೆ ಕೂರ್ಬೇಕು. ಯಾರೂ ಮಾತಾಡಲ್ಲ, ಗೊತ್ತಿರೋದೇ. ಅಡಿಗೆಮನೆ ಮಾದೇವಿ ದಿನಾ ರೇಗಿಸ್ತಾಳೆ, ಏನಯ್ಯಾ, ನಿಮ್ಮಜ್ಜಿ ಮಿಸ್ಡ್ ಕಾಲ್ ಆದ್ರೂ ಕೊಟ್ಲಾ ಅಂತ.

ಇಲ್ಲಿ ನಮ್ಮ ಕೆಲಸ ಮಂಜಿನ ಗುಡ್ಡೆ ಕಟ್ಟೋದು. ನಿನ್ನ ಕಾಲದಲ್ಲಿ ಬೆಟ್ಟದ ಮೇಲೆ ತಾನಾಗೇ ಇರ್ತಿತ್ತಂತಲ್ಲ, ಈಗ ನಾವು ಕಟ್ಬೇಕು. ಕಣಿವೆಯಿಂದ ಪೈಪಲ್ಲಿ ನೀರು ಬರುತ್ತೆ, ರಾತ್ರಿ ಚಳೀಲಿ ಮೇಲಕ್ಕೆ ಚಿಮ್ಮಿಸಿದ್ರೆ ಬೀಳೋಷ್ಟರಲ್ಲಿ ಗಟ್ಟಿ ಆಗುತ್ತೆ. ಬೆಳಗಾಗೋ ಹೊತ್ತಿಗೆ ಗುಡ್ಡೆ ಇನ್ನೂ ಒಂದಾಳೆತ್ತರ ಬೆಳೆದಿರುತ್ತೆ. ಬೇಸಿಗೇಲಿ ಅದು ಕರಗಿ ಕೆಳಗಿನ ಊರುಗಳು ಕುಡೀಬೇಕು. ಒಂದು ಗುಡ್ಡೆಗೆ ಮೂರು ಜನ. ನಾನು ಕೆಳಗೆ ನೀರು ಬಿಡೋ ವಾಲ್ ಹತ್ರ, ಗುರುಪಾದಣ್ಣ ಹಗ್ಗ ಹಿಡ್ಕೊಂಡು, ಅವನ ತಮ್ಮ ಬಸು ಮೇಲೆ ಪೈಪಿನ ಬಾಯಿ ಹಿಡ್ಕೊಂಡು. ಅವರಿಬ್ರೂ ಬೀದರ್ ಕಡೆಯವರು, ಔರಾದಿನ ಹತ್ರ. ಬಸು ಮಾತುಗಾರ, ಅಣ್ಣ ಮೌನಿ. ಇವನಿಗೂ ಸೇರಿಸಿ ನಾನೇ ಮಾತಾಡ್ತೀನಿ ಅನ್ನೋನು ಬಸು.

ಮಾರ್ಗಶಿರದಲ್ಲಿ ಗುಡ್ಡೆಯ ಒಂದು ಪಕ್ಕ ಒಡೀತು. ಬಸು ಅದರ ಜೊತೆಗೇ ಹೋದ. ಗುರುಪಾದಣ್ಣನ ಕೈಯಲ್ಲಿ ಹಗ್ಗ ಉಳೀತು.

ಮತ್ತೆ ನಾನೇ. ಕಟ್ ಆಗಿತ್ತು.

ಸಾವಾದ್ರೆ ಜೊತೆಯವರನ್ನ ಇಪ್ಪತ್ತೊಂದು ದಿನ ಬರಹಮನೆಗೆ ಹಾಕ್ತಾರೆ. ಬೆಚ್ಚಗಿನ ಕೋಣೆ, ಒಂದು ನೋಟ್‌ಬುಕ್ಕು, ಕಿಟಕಿ. ನಿನಗೆ ಅನಿಸಿದ್ದು ಬರಿ, ಬರೆದ್ರೆ ಎದೆ ಹಗುರ ಆಗುತ್ತೆ ಅಂತಾರೆ. ಅದು ಸುಳ್ಳಲ್ಲ ಅಜ್ಜಿ, ನಾನೇ ನೋಡಿದ್ದೀನಿ, ಎಷ್ಟೋ ಜನ ಬರೆದು ಅತ್ತು ಎದ್ದು ಬಂದಿದ್ದಾರೆ. ಆದ್ರೆ ಇಪ್ಪತ್ತೊಂದನೇ ದಿನ ಬರೆದಿದ್ದನ್ನ ತೂಗುಪೆಟ್ಟಿಗೆಗೆ ಓದಿ ಹೇಳ್ಬೇಕು. ಎಷ್ಟು ಹಗುರ ಆಗಿದ್ದೀಯ ಅಂತ ಅದು ನೂರಕ್ಕೆ ಅಂಕ ಕೊಡುತ್ತೆ. ಅರವತ್ತು ಬಂದ್ರೆ ಕೆಲಸಕ್ಕೆ. ಬರ್ಲಿಲ್ಲ ಅಂದ್ರೆ ಏಳು ಗಂಟೆ ಲಾರೀಲಿ ಕೆಳಕ್ಕೆ, ಜೊತೆಗೆ ತಂಡದಲ್ಲಿ ಉಳಿದೋರೂ. ಪೆಟ್ಟಿಗೆಗೆ ಏನು ಇಷ್ಟ ಅಂತ ಇಲ್ಲಿ ಎಲ್ಲಾರಿಗೂ ಗೊತ್ತು. ಮೊದಲು ಕತ್ತಲು ಇರ್ಬೇಕು, ಕೊನೇ ಸಾಲಲ್ಲಿ ಬೆಳಕು ಬರ್ಬೇಕು. ಸೂರ್ಯ, ಇಲ್ಲ ಹಕ್ಕಿ, ಇಲ್ಲ ಮೊಳಕೆ.

ಗುರುಪಾದಣ್ಣ ಇಪ್ಪತ್ತು ದಿನ ಒಂದಕ್ಷರ ಬರೀಲಿಲ್ಲ. ಪೆನ್ನಿನ ಮುಚ್ಚಳಾನೇ ತೆಗೀಲಿಲ್ಲ. ನನಗೆ ಹೆದರಿಕೆ ಆಯ್ತು, ಅವನಿಗೋಸ್ಕರ ಅಂತ ಹೇಳ್ಕೊಂಡೆ, ನನಗೋಸ್ಕರಾನೂ ಹೌದು. ಕೆಳಗೆ ಹೋದ್ರೆ ನನಗೇನಿದೆ? ನಮ್ಮ ಚಿಂತಾಮಣೀಲಿ ಈಗ ಊರಿನ ಹೆಸರಿನ ಬೋರ್ಡು ಮಾತ್ರ ಇರೋದು.

ನನ್ನ ಹತ್ರ ನಿನ್ನ ನೋಟ್‌ಬುಕ್ಕಿತ್ತು. ಇನ್ನೂರು ಪೇಜಿಂದು, ರವಿಕೆ ಬಟ್ಟೇಲಿ ಸುತ್ತಿರೋದು, ಮೇಲೆ ಅಶ್ವತ್ಥಮ್ಮ ಅಂತ ನಿನ್ನ ಹೆಸರು. ಅಮ್ಮ ಕೊಟ್ಟು ಕಳಿಸಿದ್ದು. ಮೊದಲನೇ ಪೇಜಲ್ಲಿ ನೀನು ಬರ್ಕೊಂಡಿದ್ದೀಯ, ಆಸ್ಪತ್ರೆ ಹಿಂದಿನ ಸೈಕಲ್ ಶೆಡ್ಡಲ್ಲಿ ಮಂಗಳವಾರ ನಾಲ್ಕು ಗಂಟೆಗೆ ನೊಂದೋರೆಲ್ಲ ಸೇರಿ ಬರೆಯೋದು ಅಂತ. ಹತ್ತು ನಿಮಿಷ ಬರೆಯೋದು. ಇಷ್ಟ ಇದ್ದೋರು ಓದೋದು. ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅನ್ನಬಾರದು. ಕೇಳಿಸ್ಕೊಂಡೆ ಅನ್ಬೇಕು, ಅಷ್ಟೇ. ಆಮೇಲೆ ಟೀ.

ಕೊನೇ ಪೇಜಲ್ಲಿ ಹೋಗಿಬಿಟ್ಟ ನಿನ್ನ ಮಗ ಶ್ರೀಧರನ ಬಗ್ಗೆ ನಾಲ್ಕು ಸಾಲು ಇತ್ತು.

ತೊಳೆದು ಹಾಕಿದ್ದೆ, ಒಣಗಿದೆ ಅಂಗಿ
ಮಡಿಸಿದೆ, ತೋಳು ಒಳಗೆ ಮಾಡಿ
ಯಾವ ಗೂಡಲ್ಲಿ ಇಡಲಿ ಇದನ್ನ, ಶ್ರೀಧರ,
ನೀನು

ಅಷ್ಟೇ. ಅಲ್ಲಿಗೇ ನಿಲ್ಲಿಸಿದ್ದೀಯ. ಆಮೇಲೆ ಪೂರ್ತಿ ಖಾಲಿ.

ಅದನ್ನೇ ಕದ್ದೆ ಅಜ್ಜಿ. ಶ್ರೀಧರ ಅನ್ನೋ ಕಡೆ ತಮ್ಮ ಅಂತ ಹಾಕಿದೆ. ನೀನು ನಿಲ್ಲಿಸಿದ ಕಡೆ ಒಂದು ಸಾಲು ಸೇರಿಸಿದೆ, ನೀನು ಬಿಟ್ಟುಹೋದ ಜೇಬಲ್ಲಿ ಒಂದು ಕಾಳು ಮೊಳೆತಿದೆ ಅಂತ. ಗುರುಪಾದಣ್ಣನಿಗೆ ಓದೋಕೆ ಕೊಟ್ಟೆ. ಅವನು ನನ್ನ ಮುಖ ನೋಡಿದ, ಹಾಳೆ ನೋಡಿದ, ಪೆಟ್ಟಿಗೆ ಮುಂದೆ ಓದಿದ. ತೊಂಬತ್ತೆರಡು ಬಂತು.

ಆಮೇಲೆ ಆಗಿದ್ದು ಕೇಳು. ಅಷ್ಟು ಅಂಕ ಇದುವರೆಗೂ ಯಾರಿಗೂ ಬಂದಿರ್ಲಿಲ್ಲವಂತೆ. ಊಟದ ಹಾಲಲ್ಲಿ ದಿನಾ ಆ ಪದ್ಯಾನ ಮೈಕಲ್ಲಿ ಹಾಕೋಕೆ ಶುರು ಮಾಡಿದ್ರು. ಜನ ಬಂದು ಗುರುಪಾದಣ್ಣನ್ನ ಕೇಳೋರು, ಅಂಗಿ ತೋರಿಸಣ್ಣಾ, ಕಾಳು ಎಷ್ಟು ಬೆಳೆದಿದೆ ಅಂತ. ಬಸು ಅಂಗೀನೇ ಹಾಕ್ತಿರ್ಲಿಲ್ಲ. ಸ್ವೆಟರು, ಅದಕ್ಕೆ ಜೇಬೇ ಇಲ್ಲ. ಗುರುಪಾದಣ್ಣ ತಟ್ಟೆ ಮುಂದೆ ಕೂತು ತನ್ನ ತಮ್ಮ ಯಾರದೋ ಅಂಗಿ ಹಾಕ್ಕೊಂಡು ಮೈಕಲ್ಲಿ ಬರೋದನ್ನ ಕೇಳಿಸ್ಕೊಳೋನು. ಒಂಬತ್ತು ದಿನ ಕೇಳಿಸ್ಕೊಂಡ. ಹತ್ತನೇ ದಿನ ಪಾಳಿಗೆ ಹೋಗ್ತಾ ದಾರೀಲಿ ನಿಂತ. ಬಸು ಹೋದಮೇಲೆ ನನ್ನ ಹತ್ರ ಅವನು ಬಾಯಿ ಬಿಟ್ಟಿದ್ದು ಅವತ್ತೇ.

"ನನ್ನ ದುಃಖಾ ನೀ ಮುಗಿಸಿಬಿಟ್ಟಿ ತಮ್ಮಾ. ನಂದು ಇನ್ನಾ ಸುರುನೇ ಆಗಿರ್ಲಿಲ್ಲ."

ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಮೇಲೆ ಹತ್ತಿದ, ಬಸು ನಿಲ್ತಿದ್ದ ಜಾಗದಲ್ಲೇ ನಿಂತ. ನಾನು ಕೆಳಗೆ ವಾಲ್ ತಿರುಗಿಸ್ತಿದ್ದೆ. ಹಗ್ಗ ಎಳೆದ್ರೆ ಉತ್ತರ ಬರ್ಬೇಕು, ಬರ್ಲಿಲ್ಲ. ಹತ್ತಿ ನೋಡಿದ್ರೆ ಕೈಗವಸು ತೆಗೆದು ಪಕ್ಕದಲ್ಲಿ ನೀಟಾಗಿ ಇಟ್ಟಿದ್ದಾನೆ. ಬರಿಗೈಲಿ ಪೈಪಿನ ಕಬ್ಬಿಣದ ಬಾಯಿ ಹಿಡಿದಿದ್ದಾನೆ. ಕೈ ಅದಕ್ಕೇ ಅಂಟಿತ್ತು. ಯಾಕಣ್ಣಾ ಹಿಂಗ್ ಮಾಡ್ದೆ ಅಂದ್ರೆ, "ನೋವು ಆಗ್ತದೇನು ಅಂತ ನೋಡ್ದೆ" ಅಂದ. ಆಗ್ತಿತ್ತಾ ಅಂತ ಕೇಳೋ ಧೈರ್ಯ ನನಗೆ ಬರ್ಲಿಲ್ಲ. ಬಲಗೈಯ ನಾಲ್ಕು ಬೆರಳು ಹೋಯ್ತು.

ಕಟ್ ಆಯ್ತು ಅನ್ಸುತ್ತೆ. ಇದೇ ಕೊನೇ ತುಂಡು.

ಬೆರಳು ಹೋಗಿದ್ದಕ್ಕೆ ಇವತ್ತು ಆರು ಗಂಟೆಗೆ ಅವನನ್ನ ಮತ್ತೆ ತೂಗ್ತಾರೆ. ಎಡಗೈಲಿ ಬರೀಲಿ, ಇಲ್ಲ ಬಾಯಲ್ಲಿ ಹೇಳ್ಲಿ, ನೀನು ಸ್ವಲ್ಪ ಸಹಾಯ ಮಾಡು ಅಂತ ಮೇಡಮ್ ಹೇಳಿದ್ದು ಅದಕ್ಕೇ. ಅವರು ಕೆಟ್ಟೋರಲ್ಲ. ಬೆರಳು ಹೋಗಿದ್ದರ ಮೇಲೂ ಒಳ್ಳೇ ಪದ್ಯ ಆಗುತ್ತೆ ಅಂದ್ರು, ನಿಜವಾಗ್ಲೂ ಅವನಿಗೆ ಒಳ್ಳೇದಾಗ್ಲಿ ಅಂತಾನೇ ಅಂದ್ರು. ನಾನು ಕೂತ್ಕೊಂಡ್ರೆ ಹತ್ತು ನಿಮಿಷಕ್ಕೆ ಬರೀತೀನಿ ಅಜ್ಜಿ, ಅದೇ ನನಗೆ ಹೇಸಿಗೆ. ಕೊನೇ ಸಾಲು ಆಗ್ಲೇ ತಲೇಲಿ ಬಂದು ಕೂತಿದೆ. ಮೊಳಕೆ ಬದಲು ಈ ಸಲ ಹಕ್ಕಿ.

ಬರೆಯಲ್ಲ. ಆರಕ್ಕೆ ಮುಂಚೆ ಮೇಡಮ್ ಹತ್ರ ಹೋಗಿ, ಮೊದಲಿನದ್ದು ನಂದು, ನಂದೂ ಅಲ್ಲ, ನಮ್ಮಜ್ಜೀದು ಅಂತ ಹೇಳ್ಬಿಡ್ತೀನಿ. ಏಳಕ್ಕೆ ಲಾರೀಲಿ ಇಬ್ರನ್ನೂ ಇಳಿಸ್ತಾರೆ. ಕೆಳಗೆ ಅವನಿಗೆ ಕೆಲಸ ಇಲ್ಲ, ಕೈಯಿಲ್ಲ, ತಮ್ಮ ಇಲ್ಲ. ಹೇಳಿದ್ರೆ ಅವನಿಗೆ ಒಳ್ಳೇದಾಗುತ್ತೆ ಅಂತ ನಾನೇನೂ ಅಂದ್ಕೊಂಡಿಲ್ಲ. ಒಳ್ಳೇದಾಗೋ ದಾರಿ ಎಲ್ಲೂ ಕಾಣ್ತಿಲ್ಲ. ನನ್ನ ಸಾಲು ಮೈಕಿಂದ ಇಳಿಯುತ್ತೆ, ಅಷ್ಟೇ.

ನಿನ್ನ ಹತ್ರ ಕೇಳೋದು ಒಂದೇ. ಅಲ್ಲಿ, ನಿನ್ನ ಕಾಲದಲ್ಲಿ, ಇನ್ನೂ ಸೈಕಲ್ ಶೆಡ್ ಇದೆ ಅಲ್ವಾ, ಇನ್ನೂ ಮಂಗಳವಾರ ಬರುತ್ತೆ ಅಲ್ವಾ. ಯಾರಾದ್ರೂ ಬಂದು, ಇದು ತುಂಬಾ ಚೆನ್ನಾಗಿದೆ, ಇದರಿಂದ ಯಾರಿಗೆ ಎಷ್ಟು ವಾಸಿ ಆಯ್ತು ಅಂತ ಲೆಕ್ಕ ಇಡೋಣ ಅಂದ್ರೆ, ಟೀ ಕೊಟ್ಟು ಕಳಿಸ್ಬಿಡು. ಒಳಗೆ ಕೂರಿಸ್ಕೋಬೇಡ. ಆಮೇಲೆ ನಿನ್ನ ಪೇಜು. ನನ್ನ ಸಾಲು ಬೇರೆ ಹಾಳೇಲಿತ್ತು, ನಿನ್ನ ನೋಟ್‌ಬುಕ್ಕಲ್ಲಿ ಏನೂ ಗೀಚಿಲ್ಲ. ನೀನು ಎಲ್ಲಿ ನಿಲ್ಲಿಸಿದ್ಯೋ ಅಲ್ಲೇ ನಿಂತಿದೆ.

ಹೊತ್ತು ಹೇಳ್ಬೇಕಲ್ಲ. ಲೈನು ನಾನು ಹಿಡ್ಕೊಳಲ್ಲ, ಗುರುಪಾದಣ್ಣನ ಕಿವಿಗೆ ಇಡ್ತೀನಿ. ಅವನು ಮಾತಾಡ್ತಾನೋ ಇಲ್ವೋ ಗೊತ್ತಿಲ್ಲ. ಏನೂ ಮಾತಾಡದೇ ಇದ್ರೂ ನೀನು ಕೇಳಿಸ್ಕೊಂಡೆ ಅನ್ನು. ಐದೂ ಮುಕ್ಕಾಲಿಗೆ ಮಾಡಜ್ಜಿ.