ಡೇಗೆ ಎರಗಿದ ಬರಿ ಬಂಡೆ

ಸೆಪ್ಟೆಂಬರ್ 3, ಸಂಜೆ
ಹೆಣ್ಣು ತೈತಾ ಡೇಗೆ ಹಕ್ಕಿ ಇವತ್ತೂ ಬಂಡೆಯ ಪೊಟರೆಯಲ್ಲೇ. ಕತ್ತಿನ ಹಿಂದಿನ ಕೆಂಪು ಮಚ್ಚೆಗಳಷ್ಟೇ ಕಾಣುತ್ತವೆ. ಗಂಡು ಡೇಗೆ ಸಣ್ಣ ಹಕ್ಕಿಯೊಂದನ್ನು ಹಿಡಿದು ತಂದುಕೊಟ್ಟಿತು. ಜಾಂಬೆಜಿ ನದಿಯ ಕಮರಿಯ ಈ ತಿರುವಿನಲ್ಲಿ ಉಳಿದ ಒಂದೇ ಜೋಡಿ. ನಾಳೆ ಅಣ್ಣ ಮುನ್ಸಾಕ ಹಗ್ಗ ಕಟ್ಟಿಕೊಂಡು ಇಳಿದು ಮೊಟ್ಟೆ ನೋಡಿ ಬರಬೇಕು.

ಹೋದ ಜೋಳದ ಕೊಯ್ಲಿನಲ್ಲಿ ಬಿನಾ-ಲೂಬಾ ಅತ್ತೆ ಮೊದಲು ಹೇಳಿದ್ದ ಕಥೆ ಇವತ್ತು ಮನೆಯಲ್ಲಿ ಮತ್ತೆ ಎದ್ದಿತು. ಕಮರಿಗೆ ಇಳಿದವನನ್ನು ಹೆಸರು ಹಿಡಿದು ಕೂಗಬಾರದು. ಕೂಗಿದರೆ ಅವನು ಇಬ್ಬರಾಗುತ್ತಾನೆ; ಕಮರಿ ಒಬ್ಬನನ್ನು ಇಟ್ಟುಕೊಂಡು ಒಬ್ಬನನ್ನು ಕಳಿಸುತ್ತದೆ.

"ಮತ್ತೆ ಏನಂತ ಕೂಗೋದು ಅತ್ತೆ?" ಎಂದೆ.

"ಕತ್ತೆ ಅನ್ನು. ಸುಳ್ಳೇನಲ್ವಲ್ಲ."

ಅಣ್ಣನೇ ಜೋರಾಗಿ ನಕ್ಕ.

ಸೆಪ್ಟೆಂಬರ್ 4
ಅಣ್ಣ ಇಳಿಯುವಾಗ ಹಗ್ಗ ಜಾರಿತು. "ಮುನ್ಸಾಕ!" — ಬಾಯಿಗೆ ಬಂದೇಬಿಟ್ಟಿತು. ಕಮರಿಯ ಎದುರು ಗೋಡೆಯೂ ಅದನ್ನೇ ಕೂಗಿತು.

ಅಣ್ಣ ಮೇಲೆ ಬಂದ. ಗಾಯವಿಲ್ಲ. ಮೊಟ್ಟೆ ಎಷ್ಟಿವೆ ಎಂದರೆ ಮಾತೂ ಇಲ್ಲ.

ಸೆಪ್ಟೆಂಬರ್ 9
ಬರೆಯಲು ಆಗಿರಲಿಲ್ಲ. ಹೆಸರು ಹಿಡಿದು ಕರೆದರೆ ಅಣ್ಣ ತಿರುಗುವುದಿಲ್ಲ. ಕಪೆಂಟಾ ಮೀನಿಗೆ ಜೀವ ಬಿಡುತ್ತಿದ್ದವನು ತಟ್ಟೆ ದೂಡುತ್ತಾನೆ. ಚೋಲ್ವೆ ಅತ್ತಿಗೆ ಪಿಸುಗುಟ್ಟಿದಳು, "ನನ್ನ ಗಂಡ ಗೊರಕೆ ಹೊಡೀತಿದ್ದ ಕಣೇ. ಇವನು ಉಸಿರಾಡೋದೇ ಕೇಳಿಸಲ್ಲ."

ಸಂಜೆ ದುರ್ಬೀನು ಹಿಡಿದೆ. ಡೇಗೆ ಪೊಟರೆ ಬಿಟ್ಟು ಬರಿ ಬಂಡೆಗೆ ಎರಗುತ್ತಿದೆ, ಕಿರಿಚುತ್ತಿದೆ. ಮನುಷ್ಯ ಹತ್ತಿರ ಬಂದರೆ ಮಾತ್ರ ಹಾಗೆ ಮಾಡುವ ಹಕ್ಕಿ. ಅಲ್ಲಿ ಯಾರೂ ಇಲ್ಲ.

ಸೆಪ್ಟೆಂಬರ್ 11
ಮೊನ್ನೆ ಡೇಗೆ ಬಂಡೆಗೆ ಹಬ್ಬಿದ ಅಂಜೂರದ ಬೇರಿನ ಕೆಳಗೆ ಎರಗುತ್ತಿತ್ತು. ಇವತ್ತು ಬೇರಿನ ಮೇಲೆ. ಕಮರಿ ಇಟ್ಟುಕೊಂಡವನು ಹತ್ತುತ್ತಿದ್ದಾನೆ...

ಮನೆಗೆ ಬಂದು ಅಣ್ಣನ ಕೈ ನೋಡಿದೆ. ದಿನವಿಡೀ ಮನೆಯಲ್ಲೇ ಕೂತವನ ಉಗುರು ಒಡೆದಿದೆ. ಸಂದಿನಲ್ಲಿ ಕಲ್ಲಿನ ಪುಡಿ.

ಸೆಪ್ಟೆಂಬರ್ 12, ಸಂಜೆ
ಅತ್ತೆಗೂ ಅತ್ತಿಗೆಗೂ ಎಲ್ಲ ಹೇಳಿದೆ.

"ಹತ್ತೋನು ಕೈಸೋತು ಬಿದ್ರೆ?" ಎಂದೆ.

"ಆಗ ಇಲ್ಲಿ ಕೂತೋನೂ ಏಳಲ್ಲ," ಅಂದಳು ಅತ್ತೆ. "ಕೂಗಿದ್ದು ನೀನು ತಾನೆ? ನೀನೇ ಹಗ್ಗ ಇಳಿಸು."

ಸೆಪ್ಟೆಂಬರ್ 13, ಬೆಳಿಗ್ಗೆ
ಅಣ್ಣ ಮಲಗಿದ್ದಾಗಲೇ ಮೂವರೂ ಹೊರಟು ಬಂದೆವು. ಡೇಗೆ ಕಮರಿಯ ಅಂಚಿನ ಕೆಳಗೇ ಎರಗುತ್ತಿತ್ತು. ಹಗ್ಗದ ಒಂದು ತುದಿ ಮರಕ್ಕೆ ಬಿಗಿದು ಇನ್ನೊಂದನ್ನು ಇಳಿಸಿ ಅಣ್ಣನ ಹೆಸರು ಕೂಗಿದೆ. ಗೋಡೆ ತಿರುಗಿ ಕೂಗಲಿಲ್ಲ. ಡೇಗೆ ಸುಮ್ಮನೆ ಪೊಟರೆಗೆ ಹೋಯಿತು. ಕೆಳಗೆ ಯಾರೋ ಹಿಡಿದಂತೆ ಹಗ್ಗ ಬಿಗಿಯಾಯಿತು.

ಅವರಿಬ್ಬರೂ ಎಳೆಯುತ್ತಿದ್ದಾರೆ. ಮರದ ಗಂಟು ಕಾಯುವ ಕೆಲಸ ನನ್ನದು, ಕೂತು ಬರೆಯುತ್ತಿದ್ದೇನೆ.

ಕಾಲುದಾರಿಯಲ್ಲಿ ಅಣ್ಣ. ಓಡಿ ಬರುತ್ತಿದ್ದಾನೆ. ಇಷ್ಟು ದಿನಕ್ಕೆ ಮೊದಲ ಮಾತು — "ಬೇಡ ತಂಗಿ, ಎಳೀಬೇಡಿ!"

ಅತ್ತಿಗೆ ತಿರುಗಿಯೂ ನೋಡಲಿಲ್ಲ. "ಬರೆದಿದ್ದು ಸಾಕು, ಬಂದು ಹಿಡಿಯೇ!" ಎನ್ನುತ್ತಿದ್ದಾಳೆ. ಅಂಚಿನಲ್ಲಿ ಉಗುರು ಒಡೆದ ಒಂದು ಕೈ—