ಸ್ಟೇಷನ್ ಮಾಸ್ತರನ ಸುಳ್ಳು

ಶಿವಾಲ, ವಾರಾಣಸಿ
೧೮ ನವೆಂಬರ್ ೨೦೨೪

ತೀರ್ಥಸ್ವರೂಪಳಾದ ವಿಜಯಶ್ರೀ ಅಕ್ಕನಿಗೆ ಕಾತ್ಯಾಯನಿಯ ನಮಸ್ಕಾರಗಳು.

ಉತ್ತರ ತಡವಾಯಿತು, ಬೇಜಾರಾಗಬೇಡ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಬರೆಯಲು ಕೂತರೆ ನನಗೆ ಕೈ ಏಳುವುದಿಲ್ಲ. ಕಾರ್ತಿಕದ ಯಾತ್ರಿಕರಿಗೆ ಅಡಿಗೆ ಮಾಡಿ ಮಾಡಿ ಸೊಂಟ ಹೋಗಿದೆ. ಇವರು ಬೆಳಗ್ಗೆ ಪೌರೋಹಿತ್ಯಕ್ಕೆಂದು ಘಾಟಿಗೆ ಹೋದರೆ ಊಟದ ಹೊತ್ತು ಮೀರಿ ಬರುತ್ತಾರೆ.

ಮೊನ್ನೆ ನಮ್ಮ ಪ್ರಾರ್ಥನಾ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಆಡುತ್ತಿದ್ದಳು. ಹೊಡೆದಾಟದ್ದಲ್ಲ, ಕಥೆಯದು. ಕಥೆ ಹೇಳುವವನು ಒಬ್ಬ ಮುದಿ ಸ್ಟೇಷನ್ ಮಾಸ್ತರ. ಆಡುವವರು ಅವನ ಸಹಾಯಕರು. ಸಂಜೆಯ ಗಾಡಿಗೆ ಹೆಂಡತಿ ಬರುತ್ತಾಳೆಂದು ಅವನು ದಿನಾ ದೀಪ ಹಚ್ಚುತ್ತಾನೆ. ಹಳಿಯ ಮೇಲೆ ನೋಡಿದರೆ ಹುಲ್ಲು ಬೆಳೆದಿದೆ. ಆ ಗಾಡಿ ಎಂದೋ ಉರುಳಿ, ಅವಳು ಅದರಲ್ಲೇ ಸತ್ತಿದ್ದಾಳೆ. ನಮಗದು ಮೆಲ್ಲಗೆ ತಿಳಿಯುತ್ತದೆ.

“ಅಮ್ಮಾ, ಇವ ಮೊದಲಿಂದ ಝೂಟ್ ಹೇಳಲಿಕತ್ತಾನ. ನಮ್ಮಪ್ಪನ ಹಂಗ,” ಅಂದಳು.

ನಿನಗೆ ಗೊತ್ತೇ ಇದೆಯಲ್ಲ. ಹೋದ ವರ್ಷ ಪುಣೆಯಲ್ಲಿ ನಮ್ಮ ಹರ್ಷಾ ಬೈಕಿನಿಂದ ಬಿದ್ದು ತೀರಿಕೊಂಡಾಗ ಎಲ್ಲ ಕರ್ಮ ಮಾಡಿದವರು ಇವರೇ. ಆಮೇಲೆ ಯಾತ್ರಿಕರು ಮಕ್ಕಳೆಷ್ಟು ಎಂದು ಕೇಳಿದರೆ, ಮಗ ಪುಣೆಯಲ್ಲಿ ಓದುತ್ತಿದ್ದಾನೆ, ರಜೆಗೆ ಬರುತ್ತಾನೆ ಎನ್ನತೊಡಗಿದರು. ಅದನ್ನು ಕೇಳಿದಂದಿನಿಂದ ಪ್ರಾರ್ಥನಾ ಅಪ್ಪನೊಡನೆ ಮಾತು ಬಿಟ್ಟಿದ್ದಳು.

ನಾನು ಹೇಳಿದೆ: “ಸುಳ್ಳು ಹೇಳಾಂವಗ ಖರೆ ಯಾವುದಂತ ಗೊತ್ತಿರ್ತದ. ಇವಗ ಗೊತ್ತಾದರೂ ಒಳಗ ಇಳಿದಿಲ್ಲವ್ವಾ.”

ಅವಳು ಒಪ್ಪಲಿಲ್ಲ. ಅಪಘಾತದ ಸುದ್ದಿಯಿದ್ದ ಹಳೆಯ ಪತ್ರಿಕೆಯನ್ನು ಮಾಸ್ತರನ ಮುಂದೆ ಹಿಡಿದಳು. ಅವನು ಕೋಣೆಗೆ ಹೋಗಿ ಅಗಳಿ ಹಾಕಿಕೊಂಡ. ಆಟ ಅಲ್ಲಿಗೇ ಮುಗಿಯಿತು. ಮರುದಿನ ಮತ್ತೆ ಆಡಿದಳು. ಈ ಸಲ ಪತ್ರಿಕೆ ತೋರಿಸದೆ, ನಿಮ್ಮ ಹೆಂಡತಿ ಎಂಥವರು ಎಂದು ಕೇಳುವ ದಾರಿ ಹಿಡಿದಳು. ಮುದುಕ ಅವಳ ಹಾಡು, ಸಿಟ್ಟು, ಉಪ್ಪು ಹೆಚ್ಚಾದ ಸಾರು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ತಾನೇ ಎದ್ದು ದೀಪ ಆರಿಸಿದ.

ಇವರು ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಪ್ರಾರ್ಥನಾ ಹೋಗಿ ಪಕ್ಕದಲ್ಲಿ ನಿಂತು, “ಅಪ್ಪಾ, ಮಂತ್ರ ಕಲಿಸುವಾಗ ಹರ್ಷಾ ಭಾಳ ಕಾಡ್ತಿದ್ದನೇನು?” ಎಂದು ಕೇಳಿದಳು.

ಇವರು ಮೆಟ್ಟಿಲ ಮೇಲೆ ಕೂತರು. ಸಂಕಲ್ಪದ ನಡುವೆ ಅವನು ತಿಥಿ ಮರೆತದ್ದು, ಉಪವಾಸದ ದಿನ ಗಲ್ಲಿಯಲ್ಲಿ ಕಚೋಡಿ ತಿಂದು ಸಿಕ್ಕಿಬಿದ್ದದ್ದು ಎಲ್ಲ ಹೇಳಿ ನಕ್ಕರು. ಆಮೇಲೆ ಒದ್ದೆ ಕೈ ಒರೆಸಿಕೊಳ್ಳುತ್ತ ಅಂದರು:

“ನನ್ನ ಕೈಯಾರೆ ಗಂಗಾದಾಗ ಬಿಟ್ಟು ಬಂದೀನಿ ಅವನ್ನ. ಇನ್ನ ಬರೂದಿಲ್ಲವ್ವಾ ಅವ.”

ಅವಳು ಅವರ ಒದ್ದೆ ಕಾಲಿನ ಹತ್ತಿರವೇ ಕೂತು ಅತ್ತಳು. ಮರುದಿನ ಗದುಗಿನ ಯಜಮಾನರೊಬ್ಬರು ಮಕ್ಕಳ ಬಗ್ಗೆ ಕೇಳಿದಾಗ ಇವರು, ಮಗಳಿದ್ದಾಳೆ, ಮಗ ತೀರಿಕೊಂಡ ಎಂದರಂತೆ. ಮನೆಗೆ ಬಂದು ಸಂಜೆಯವರೆಗೂ ಮಲಗಿದರು. ಈಗ ಅಪ್ಪ ಮಗಳು ಕೂಡಿ ಊಟ ಮಾಡುತ್ತಾರೆ. ಎಲ್ಲ ಒಳ್ಳೆಯದೇ ಆಯಿತು.

ಭಾವನವರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಹರಕೆ ಈ ಮನೆಯ ಮೇಲಿರಲಿ.

ನಿನ್ನ ತಂಗಿ,
ಕಾತ್ಯಾಯನಿ

ತಾ.ಕ.: ಇದನ್ನು ಇವರಿಗೂ ಹೇಳಿಲ್ಲ, ಪ್ರಾರ್ಥನಾಗೂ ಹೇಳಿಲ್ಲ. ಇವರು ಜಗಲಿಯ ಮೇಲೆ ಯಾತ್ರಿಕರಿಗೆ ‘ಮಗ ರಜೆಗೆ ಬರ್ತಾನ’ ಎನ್ನುವಾಗ ನಾನು ಒಳಗೆ ಒಲೆ ಸಣ್ಣ ಮಾಡಿ ಕೇಳುತ್ತಿದ್ದೆ. ಆ ಮಾತಿನ ಮೇಲೆಯೇ ದಿನ ತಳ್ಳುತ್ತಿದ್ದೆ. ಈಗ ಈ ಮನೆಯಲ್ಲಿ ಅದನ್ನು ಹೇಳುವವರು ಯಾರೂ ಇಲ್ಲ. ನೀನು ಉತ್ತರ ಬರೆಯುವಾಗ, ಒಂದೇ ಒಂದು ಸಲ, ಹರ್ಷಾ ಹೇಗಿದ್ದಾನೆ ಎಂದು ಕೇಳೇ ಅಕ್ಕಾ.